ಅಯ್ಯೋ ಪಾಪ

ಕೆರಗೋಡಿನ ಬಸ್ ನಿಲ್ದಾಣದಲ್ಲಿ ಮಂಡ್ಯದ ಬಸ್ಸಿಗೆ ಕಾಯುತ್ತ ಸ್ವಲ್ಪ ಹೊತ್ತು ಸುಮ್ಮನೆ ಕೂತರೆ ಸಾಕು, ‘ಪಾಪ’ ಎಂಬ ಎರಡಕ್ಷರ ಎಷ್ಟು ಬಗೆಯ ಚಾಕರಿ ಮಾಡುತ್ತದೆ ಎಂಬುದು ಕಿವಿಗೆ ಬೀಳುತ್ತದೆ. ಕಬ್ಬಿನ ಬಿಲ್ಲು ಬಾರದೆ ಅಲೆಯುತ್ತಿರುವ ರೈತನಿಗೆ ಪಾಪ. ಸೀಟು ಸಿಗದೆ ಕೂಸು ಎತ್ತಿಕೊಂಡು ನಿಂತವಳಿಗೆ ಪಾಪ. ಅವಳ ಕಂಕುಳಲ್ಲಿ ಅಳುತ್ತಿರುವುದೂ ಪಾಪವೇ, ‘ಪಾಪಂಗೆ ಹಾಲ್ ಕುಡಿಸ್ದೇನವ್ವಾ’. ಎಲೆಕ್ಷನ್ನಿನಲ್ಲಿ ಸೋತವನಿಗೂ ಪಾಪ, ಗೆದ್ದು ಮಂತ್ರಿಗಿರಿ ಸಿಗದವನಿಗೂ ಪಾಪ. ಎದುರಾಡದ ಸೊಸೆ ಪಾಪದವಳು. ದಿವಾಳಿಯಾದವನು ‘ಪಾಪರ್’ ಆದ ಎನ್ನುತ್ತೇವೆ. ಅದು ಇಂಗ್ಲಿಷಿನ ಕೋರ್ಟಿನಿಂದ ಬಂದ ಬೇರೆಯೇ ಪದ, ಆದರೂ ನಮ್ಮ ಕಿವಿಗೆ ಅದೂ ಪಾಪದ ದಾಯಾದಿಯಂತೆಯೇ ಕೇಳುತ್ತದೆ.

ಇಷ್ಟರಲ್ಲಿ ಹಿಂದಿನ ಗಾಲಿಗೆ ಅತ್ತೊಂದು ಇತ್ತೊಂದು ಸಣ್ಣ ಗಾಲಿ ಕೂಡಿಸಿದ ಸ್ಕೂಟರಿನಲ್ಲಿ ಒಬ್ಬ ಬಂದು ಅಂಗಡಿಯ ಮುಂದೆ ನಿಲ್ಲುತ್ತಾನೆ. ‘ಪಾಪ...’ ಎಂದು ಯಾರೋ ಉಸಿರು ಬಿಡುತ್ತಾರೆ. ಉಳಿದವರಿಗೆಲ್ಲ ಏನಾದರೂ ಆದ ಮೇಲೆ ಪಾಪ ಸಿಕ್ಕಿತು. ಇವನಿಗೆ ಬಂದು ನಿಂತದ್ದಕ್ಕೇ ಸಿಕ್ಕಿತು. ಅವನು ಡೇರಿಗೆ ಹಾಲು ಹಾಕಿ ಬಂದಿರಬಹುದು. ಅಣ್ಣತಮ್ಮಂದಿರ ಮೇಲೆ ಪಾಲಿನ ದಾವೆ ಹೂಡಲು ಮಂಡ್ಯದ ವಕೀಲರ ಮನೆಗೆ ಹೊರಟಿರಬಹುದು. ಅದೆಲ್ಲ ಯಾರಿಗೆ ಬೇಕು?

ಕನ್ನಡದಲ್ಲಿ ಪಾಪ ಒಂದಲ್ಲ, ಎರಡು. ಒಂದು ಸಂಸ್ಕೃತದಿಂದ ಬಂದದ್ದು, ಪುಣ್ಯದ ಎದುರಾಳಿ. ಇನ್ನೊಂದು ದ್ರಾವಿಡ ಮನೆಯದು, ಕೂಸು ಎಂದು ಅದರ ಅರ್ಥ. ತಮಿಳರ ಪಾಪ್ಪಾ, ತೆಲುಗರ ಪಾಪ, ನಮ್ಮ ಪಾಪು ಎಲ್ಲ ಆ ಮನೆಯ ಮಕ್ಕಳು. ಕಣ್ಣಿನ ಕರಿಬೊಟ್ಟನ್ನು ಪಾಪೆ ಎನ್ನುತ್ತೇವಲ್ಲ, ಅದೂ ಇದೇ ಕುಲದ್ದು. ಎದುರಿಗಿರುವವರ ಕಣ್ಣೊಳಗೆ ಇಣುಕಿದರೆ ಅಲ್ಲಿ ಗೊಂಬೆಯಷ್ಟು ಚಿಕ್ಕದಾಗಿ ಕೂತಿರುವುದು ನಾವೇ. ‘ಅಯ್ಯೋ ಪಾಪ’ದ ಪಾಪ ಯಾವ ಮನೆಯದು ಎಂದು ಕೇಳಿದರೆ ವಿದ್ವಾಂಸರು ಸಂಸ್ಕೃತದ ಕಡೆ ಕೈ ತೋರಿಸುತ್ತಾರೆ, ತಮಿಳಿನ ‘ಪಾವಂ’, ತೆಲುಗಿನ ‘ಪಾಪಂ’ ಅದಕ್ಕೆ ಸಾಕ್ಷಿ. ಇರಲಿ. ಆಡುವ ಬಾಯಿ ವಂಶಾವಳಿ ನೋಡಿ ಆಡುವುದಿಲ್ಲ. ಕಾಲಿಲ್ಲದವರನ್ನೋ ಕಣ್ಣಿಲ್ಲದವರನ್ನೋ ಕಂಡು ಪಾಪ ಎನ್ನುವಾಗ ಎರಡು ಪಾಪಗಳೂ ಒಟ್ಟಿಗೇ ಹೊರಬರುತ್ತವೆ.

ಕೂಸಿನ ಪಾಪ ಹೇಗೆ ಬರುತ್ತದೆ ಎಂಬುದನ್ನು ವ್ಯಾಕರಣದಲ್ಲೇ ಹಿಡಿಯಬಹುದು. ಕನ್ನಡದಲ್ಲಿ ಮಗು ನಪುಂಸಕಲಿಂಗ: ಅಳುತ್ತದೆ, ನಗುತ್ತದೆ, ಹಾಲು ಕುಡಿಯುತ್ತದೆ. ಈಗ ಮದುವೆ ಮನೆಯೊಂದಕ್ಕೆ ನಲವತ್ತು ದಾಟಿದ, ಮೀಸೆ ಹೊತ್ತ, ಮಾತು ತಡವರಿಸುವ ಒಬ್ಬರು ಅಕ್ಕನ ಜೊತೆ ಬಂದಿದ್ದಾರೆ ಎನ್ನಿ. ಬಡಿಸುವವನು ಅವರ ಎದುರೇ ನಿಂತು ಅಕ್ಕನನ್ನು ಕೇಳುತ್ತಾನೆ: ‘ಇದು ಮುದ್ದೆ ತಿಂತದಾ, ಅನ್ನ ಬಡಿಸ್ಲಾ?’ ಹಿಂದಿನ ಸಾಲಿನಿಂದ ಅಜ್ಜಿಯೊಂದು ಸೇರಿಸುತ್ತದೆ: ‘ಪಾಪ, ಅದ್ಕೇನ್ ಗೊತ್ತಾಯ್ತದೆ.’ ಅವರಿಗೆ ಗೊತ್ತಾಗುತ್ತದೆ. ಬಡಿಸುವವನ ತಂದೆ ತಮ್ಮಿಂದ ಎಷ್ಟು ಸಾಲ ತೆಗೆದುಕೊಂಡಿದ್ದಾನೆ ಎಂಬುದೂ ಗೊತ್ತಿರಬಹುದು. ಆದರೆ ‘ಅವನು’ ‘ಅವರು’ ಎಲ್ಲ ಕಳಚಿ ಬಿದ್ದು ಅವರು ‘ಅದು’ ಆಗಿಬಿಟ್ಟಿದ್ದಾರೆ. ನಮ್ಮ ಮಂಡ್ಯದ ಸೀಮೆಯಲ್ಲಿ ‘ಏನ್ಲಾ’ ಎಂದು ಕರೆಯುವುದು ಸಲಿಗೆ, ಅದರಲ್ಲಿ ಅವಮಾನವಿಲ್ಲ. ‘ಲಾ’ ಎನ್ನಿಸಿಕೊಳ್ಳುವುದಕ್ಕೂ ಒಂದು ಯೋಗ್ಯತೆ ಬೇಕು, ಎದುರಿನವನು ತಿರುಗಿ ‘ಯಾಕ್ಲಾ’ ಎನ್ನಬಲ್ಲವನಾಗಿರಬೇಕು. ಪಾಪ ಎನ್ನಿಸಿಕೊಂಡವರಿಗೆ ಆ ಬೈಗುಳದ ಸಲಿಗೆಯೂ ಸಿಗುವುದಿಲ್ಲ.

ಸಂಸ್ಕೃತದ ಪಾಪ ಇನ್ನೂ ಆಳದಲ್ಲಿದೆ. ‘ಯಾವ ಜನ್ಮದಲ್ಲಿ ಏನು ಮಾಡಿತ್ತೋ’ ಎಂಬ ಮಾತು ಈಗ ಬಹಿರಂಗವಾಗಿ ಆಡುವವರು ಕಡಿಮೆ. ಆಡುವ ಅಗತ್ಯವೇ ಇಲ್ಲ, ಆ ಅರ್ಥವೆಲ್ಲ ಪದದೊಳಗೆ ಮೊದಲೇ ತುಂಬಿದೆ. ನಮ್ಮ ಕಡೆ ಆಲೆಮನೆಯ ಗಾಣಕ್ಕೆ ಕಬ್ಬು ಕೊಡುವಾಗ ಕೈ ಸಿಕ್ಕಿ ಕಳೆದುಕೊಂಡವರಿದ್ದಾರೆ. ಗಾಣಕ್ಕೆ ತಡೆ ಇರಲಿಲ್ಲ, ರಾತ್ರಿ ಪಾಳಿಯ ನಿದ್ದೆಗಣ್ಣು, ಮಾಲೀಕ ವಿಮೆ ಮಾಡಿಸಿರಲಿಲ್ಲ. ಇಷ್ಟೆಲ್ಲ ಕಾರಣ ಕಣ್ಣೆದುರಿಗೇ ಇದ್ದರೂ ಊರು ಅದನ್ನು ಒಂದೇ ಪದದಲ್ಲಿ ಮುಗಿಸುತ್ತದೆ: ಪಾಪ. ಹಾಗೆಂದಾಗ ಮಾಲೀಕನ ಪಾಲಿನ ಪಾಪವೂ ಕೈ ಹೋದವನ ಲೆಕ್ಕಕ್ಕೇ ಜಮಾ ಆಗುತ್ತದೆ. ಜೊತೆಗೆ ಪುಣ್ಯದ ವ್ಯಾಪಾರವೊಂದು ಇದೆಯಲ್ಲ! ದೇವಸ್ಥಾನದ ಮೆಟ್ಟಿಲ ಬಳಿ, ಜಾತ್ರೆಯ ದಾರಿಯ ಅಂಚಿನಲ್ಲಿ ಆ ಕಡೆ ಪಾಪ ಕೂರದಿದ್ದರೆ ಈ ಕಡೆಯವರು ಚಿಲ್ಲರೆ ಹಾಕಿ ಪುಣ್ಯ ಕಟ್ಟಿಕೊಳ್ಳುವುದು ಹೇಗೆ? ಆ ಮೆಟ್ಟಿಲು ಹತ್ತಿ ಒಳಗೆ ಹೋಗಿ ಅವರೂ ದೇವರನ್ನು ನೋಡುವಂತೆ ದಾರಿ ಮಾಡುವುದು ಪುಣ್ಯದ ಪಟ್ಟಿಯಲ್ಲಿ ಎಲ್ಲೂ ಇದ್ದಂತಿಲ್ಲ.

ಸರ್ಕಾರಕ್ಕೆ ಹೆಸರು ಬದಲಿಸುವ ಹುರುಪು ಬಹಳ. ಕುಂಟ, ಕುರುಡ, ಮೂಗ ಹೋಗಿ ಅಂಗವಿಕಲ ಬಂತು. ರಾಜ್ಯದಲ್ಲಿ ಅಂಗವಿಕಲರ ಕಲ್ಯಾಣಕ್ಕೆಂದು ಇದ್ದ ಇಲಾಖೆಯ ಫಲಕದಲ್ಲಿ ಈಗ ‘ವಿಕಲಚೇತನರ ಮತ್ತು ಹಿರಿಯ ನಾಗರಿಕರ ಸಬಲೀಕರಣ’ ಎಂದಿದೆ. ಅಂಗದ ಊನವನ್ನು ಎತ್ತಿ ಚೇತನಕ್ಕೇ ಹಾಕಿದ ಜಾಣರು ಯಾರೋ! ಅದು ಸರಿ ಕಾಣದೆ ಪತ್ರಿಕೆಗಳು ‘ವಿಶೇಷ ಚೇತನ’ ಎಂದವು. 2015ರ ಡಿಸೆಂಬರಿನಲ್ಲಿ ಪ್ರಧಾನಿ ರೇಡಿಯೊದಲ್ಲಿ ‘ದಿವ್ಯಾಂಗ’ ಎಂದರು. ನಮ್ಮ ದೇಹದಲ್ಲಿ ದಿವ್ಯವಾದದ್ದೇನೂ ಇಲ್ಲ, ಹಕ್ಕು ಕೊಡಿ ಸಾಕು ಎಂದು ಅಂಗವಿಕಲರ ಸಂಘಟನೆಗಳೇ ಆಕ್ಷೇಪ ಎತ್ತಿದವು. ಇಷ್ಟು ನಾಮಪದಗಳು ಬಂದು ಹೋದರೂ ಅವುಗಳ ಹಿಂದೆ ನಿಂತ ಉದ್ಗಾರ ಮಾತ್ರ ಅಲ್ಲಾಡಲಿಲ್ಲ. ಪಾಪ ಕುಂಟ, ಪಾಪ ಅಂಗವಿಕಲ, ಪಾಪ ವಿಕಲಚೇತನ. ಈಚೆಗೆ ‘ಪಾಪ ದಿವ್ಯಾಂಗರು’ ಎಂಬುದನ್ನೂ ಕೇಳಿದೆ. ಅದನ್ನು ಬದಲಿಸಲು ಯಾವ ಸುತ್ತೋಲೆಯೂ ಹೊರಡುವಂತಿಲ್ಲ.

ಕಾಗದದ ಲೋಕದಲ್ಲಿ ಪಾಪಕ್ಕೆ ಬೆಲೆ ಇಲ್ಲ ಎಂದು ತಿಳಿದಿದ್ದರೆ ಅದೂ ತಪ್ಪು. ಅಲ್ಲಿ ಮೊದಲ ಪ್ರಶ್ನೆ ‘ಎಷ್ಟು ಪರ್ಸೆಂಟು?’ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಹಿಂದಿನ ಏಳು ಬಗೆಯ ಅಂಗವೈಕಲ್ಯವನ್ನು ಇಪ್ಪತ್ತೊಂದಕ್ಕೆ ಏರಿಸಿತು. ಆಸಿಡ್ ದಾಳಿಗೆ ತುತ್ತಾದವರು, ತಲಸ್ಸೇಮಿಯಾ ಇರುವವರು, ಕಲಿಕೆಯ ತೊಡಕಿನ ಮಕ್ಕಳು ಎಲ್ಲ ಅದರೊಳಗೆ ಬಂದರು. ಆದರೆ ಬಹುತೇಕ ಸವಲತ್ತಿಗೆ ಹೊಸ್ತಿಲು ಶೇ 40. ಜಿಲ್ಲಾಸ್ಪತ್ರೆಯ ವೈದ್ಯರು ಅಳೆದು ಕೊಟ್ಟ ಸಂಖ್ಯೆ ಯುಡಿಐಡಿ ಎಂಬ ಗುರುತಿನ ಕಾರ್ಡಿನ ಮೇಲೆ ಅಚ್ಚಾಗುತ್ತದೆ. ಹೋಬಳಿಯ ನಾಡಕಚೇರಿಗೆ ಮಾಸಾಶನದ ಅರ್ಜಿ ಹಾಕುವಾಗ ಅದೇ ಮುಖ್ಯ. ಇಷ್ಟೆಲ್ಲ ಕಾನೂನಿನ ಪ್ರಕಾರವೇ ನಡೆದು ಮಂಜೂರಾತಿ ಬಂದರೂ ಕೊನೆಗೆ ಮೇಜಿನ ಆಚೆಯಿಂದ ಬರುವ ಮಾತು: ‘ಪಾಪ ಅಂತ ಮಾಡಿಕೊಟ್ಟೆ ಕಣಪ್ಪ.’ ಹಕ್ಕಿನ ಚೀಟಿ ಆ ಒಂದು ಮಾತಿನಿಂದ ಉಪಕಾರದ ಚೀಟಿಯಾಗುತ್ತದೆ. ತಗೊಂಡವನು ಕೈ ಮುಗಿಯಲೇಬೇಕು. ಕೈ ಇದ್ದರೆ.

ಪಾಪ ಎನ್ನುವವರೆಲ್ಲ ಕಲ್ಲು ಮನಸ್ಸಿನವರು ಎಂದಲ್ಲ. ಮಂಡ್ಯದ ಮಂದಿಯ ಬಾಯಿ ಒರಟು, ಕೈ ಮುಂದು. ಗಾಲಿಕುರ್ಚಿಯವರು ಮೆಟ್ಟಿಲ ಬುಡದಲ್ಲಿ ನಿಂತರೆ ‘ಬನ್ರಲಾ, ಪಾಪ, ಒಂದ್ ಕೈ ಹಾಕಿ’ ಎಂದು ನಾಲ್ವರು ಓಡಿ ಬಂದು ಎತ್ತಿ ಒಳಗಿಟ್ಟು, ಹೆಸರೂ ಹೇಳದೆ ಹೋಗುತ್ತಾರೆ. ಈ ನಾಲ್ಕು ಜೊತೆ ಕೈಗಳಿರುವುದರಿಂದಲೇ ಅಲ್ಲಿ ಇಳಿಜಾರು ದಾರಿ ಹುಟ್ಟುವುದಿಲ್ಲ ಎಂಬುದು ನನ್ನ ಗುಮಾನಿ. ಲೆಕ್ಕ ದೊಡ್ಡದೇನಲ್ಲ: ಒಂದಡಿ ಎತ್ತರ ಏರಲು ಹನ್ನೆರಡಡಿ ಉದ್ದದ ಇಳಿಜಾರು ಇರಬೇಕು ಎನ್ನುತ್ತದೆ ಮಾನದಂಡ. ಮೂರು ಮೆಟ್ಟಿಲೆಂದರೆ ಹೆಚ್ಚುಕಡಿಮೆ ಒಂದೂವರೆ ಅಡಿ, ಹದಿನೆಂಟಡಿ ಕಟ್ಟಬೇಕು. ನಮ್ಮ ಕಡೆಯ ಎಷ್ಟೋ ಕಟ್ಟಡಗಳಲ್ಲಿ ಐದಾರು ಅಡಿಯಲ್ಲೇ ಅದನ್ನು ಮುಗಿಸಿ ಕಂಬಿ ನೆಟ್ಟು ಬಿಲ್ಲು ಮಾಡಿದ್ದಾರೆ. ಅದರ ಮೇಲೆ ಹತ್ತುವುದಿರಲಿ, ಮಕ್ಕಳು ಜಾರುಬಂಡೆ ಆಡುತ್ತವೆ. ಮತ್ತೆ ಅದೇ ನಾಲ್ಕು ಜನ, ಅದೇ ‘ಪಾಪ’.

ಎತ್ತುವವರು ಎತ್ತುತ್ತಾರೆ. ಎತ್ತಿಸಿಕೊಳ್ಳಬೇಕಾದದ್ದು ಹೆಣ್ಣಾದರೆ? ಗುರುತಿಲ್ಲದ ನಾಲ್ವರು ಗಂಡಸರು ಕಂಕುಳಿಗೆ ಕೈ ಹಾಕುವುದನ್ನು ಯಾವ ಹೆಣ್ಣುಮಗಳು ಒಪ್ಪುತ್ತಾಳೆ, ಒಪ್ಪಿದರೂ ಯಾವ ಮನೆಯವರು ಬಿಡುತ್ತಾರೆ? ಅವಳು ಬರುವುದನ್ನೇ ಬಿಡುತ್ತಾಳೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸರ್ಕಾರಿ ಬಸ್ಸಿನ ಟಿಕೆಟ್ಟು ಬಿಟ್ಟಿ. ಅದು ನಿಜಕ್ಕೂ ದೊಡ್ಡ ಸಂಗತಿ. ಬಸ್ಸುಗಳನ್ನು ನೋಡಿದರೆ ಗೊತ್ತಾಗುತ್ತದೆ. ಆದರೆ ಬಸ್ಸಿನ ಮೊದಲ ಮೆಟ್ಟಿಲು ಇದ್ದಷ್ಟೇ ಎತ್ತರದಲ್ಲಿದೆ. ಕ್ಯಾಲಿಪರ್ ಹಾಕಿದ ಕಾಲಿಗೆ ಟಿಕೆಟ್ಟಿನ ದುಡ್ಡಿಗಿಂತ ಆ ಎತ್ತರವೇ ದುಬಾರಿ. ಅವಳನ್ನು ಯಾರೂ ಕಾಣುವುದಿಲ್ಲವಾದ್ದರಿಂದ ಅವಳಿಗೆ ಪಾಪ ಎನ್ನುವವರೂ ಇಲ್ಲ. ಪಾಪ ಎನ್ನಿಸಿಕೊಳ್ಳಲಿಕ್ಕಾದರೂ ಬಸ್ ನಿಲ್ದಾಣದವರೆಗೆ ಬರಬೇಕು.

ಕಾಣುವುದು ಎಂದಾಗ ಟಿವಿಯ ನೆನಪಾಗುತ್ತದೆ. 2024ರ ಜನವರಿಯಲ್ಲಿ ಕೆರಗೋಡಿಗೆ ಕ್ಯಾಮೆರಾಗಳ ಜಾತ್ರೆಯೇ ನೆರೆದಿತ್ತು. 108 ಅಡಿಯ ಧ್ವಜಸ್ತಂಭ, ಅದರ ಮೇಲಿನ ಹನುಮಧ್ವಜದ ಗಲಾಟೆ, ಪೊಲೀಸರು, ಲಾಠಿ. ದೇಶಕ್ಕೆಲ್ಲ ಊರಿನ ಹೆಸರು ಗೊತ್ತಾಯಿತು. ಕಂಬದ ಎತ್ತರವನ್ನು ಅಡಿ ಅಡಿಯಾಗಿ ಹೇಳಿದ ಚಾನೆಲ್ಲುಗಳು ಅಲ್ಲಿನ ಯಾವ ಬಾಗಿಲ ಮೆಟ್ಟಿಲು ಎಷ್ಟು ಎತ್ತರವಿದೆ ಎಂದು ಅಳೆದದ್ದನ್ನು ನಾನಂತೂ ಕಾಣೆ. ಅದೇ ವರ್ಷ ಮಂಡ್ಯ ಜಿಲ್ಲೆಯ ಮೂಲದ ಕೆ.ಎಸ್. ರಾಜಣ್ಣ ರಾಷ್ಟ್ರಪತಿ ಭವನದಲ್ಲಿ ಪದ್ಮಶ್ರೀ ಪಡೆದರು. ಬಾಲ್ಯದ ಪೋಲಿಯೊ ಕೈಕಾಲು ಕಸಿದುಕೊಂಡ ಮನುಷ್ಯ, ಮೊಣಕಾಲೂರಿ ನಡೆದು, ನೆರವಿಗೆ ಬಂದವರನ್ನು ನಯವಾಗಿ ಬೇಡವೆಂದು ಪ್ರಶಸ್ತಿ ತೆಗೆದುಕೊಂಡರು. ಆ ನಡಿಗೆಯನ್ನು ಟಿವಿಗಳು ಮತ್ತೆ ಮತ್ತೆ ತೋರಿಸಿದವು, ಹಿಂದೆ ಪಿಟೀಲು ಸೇರಿಸಿ. ಪಿಟೀಲು ಅಂದರೆ ಟಿವಿಯ ಭಾಷೆಯಲ್ಲಿ ಪಾಪ. ರಾಜ್ಯದ ಅಂಗವಿಕಲರ ಆಯುಕ್ತರಾಗಿದ್ದವರು, ಕಚೇರಿಗಳನ್ನು ತರಾಟೆಗೆ ತೆಗೆದುಕೊಳ್ಳುವ ಅಧಿಕಾರದ ಕುರ್ಚಿಯಲ್ಲಿ ಕೂತಿದ್ದವರು ಎಂಬುದು ಪಿಟೀಲಿನ ನಡುವೆ ಕೇಳಿಸಲಿಲ್ಲ.

ಇದನ್ನು ಟಿವಿಯೇ ಶುರು ಮಾಡಿತೆಂದು ಹೇಳಲಾರೆ. ನಮ್ಮೂರುಗಳ ಕುರುಕ್ಷೇತ್ರ ನಾಟಕದಲ್ಲಿ ಎಷ್ಟೋ ಕಡೆ ಶಕುನಿ ಕುಂಟುತ್ತಲೇ ರಂಗಕ್ಕೆ ಬರುತ್ತಾನೆ. ಕುಂಟಿದಷ್ಟೂ ಕಪಟ ಹೆಚ್ಚು, ಶಿಳ್ಳೆಯೂ ಹೆಚ್ಚು. ಧೃತರಾಷ್ಟ್ರ ಕಣ್ಣು ಮುಚ್ಚಿ ತಡವರಿಸುತ್ತ ಬಂದರೆ ಪಾಪ. ಕಪಟಿ, ಇಲ್ಲವೇ ಪಾಪ. ಮೂರನೆಯ ಪಾತ್ರ ಬರೆದವರಿಲ್ಲ. ಸಂತರಾದರೆ ಮಾತ್ರ ಬೇರೆ ಬಾಗಿಲು. ಗದುಗಿನ ಪಂಚಾಕ್ಷರಿ ಗವಾಯಿಗಳ ಮೇಲೆ ಸಿನಿಮಾ ಬಂತು, ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರಿಗೆ ಅದರ ಹಾಡಿಗೆ ರಾಷ್ಟ್ರಪ್ರಶಸ್ತಿಯೂ ಬಂತು. ಕಣ್ಣಿಲ್ಲದ ಗುರು ಕಣ್ಣಿಲ್ಲದ ಶಿಷ್ಯ ಪುಟ್ಟರಾಜರನ್ನು ಬೆಳೆಸಿ, ಅವರಿಬ್ಬರೂ ಸಾವಿರಾರು ಮಕ್ಕಳಿಗೆ ಅನ್ನ, ಹಾರ್ಮೋನಿಯಂ ಎರಡನ್ನೂ ಕೊಟ್ಟರು. ಅಂಥವರಿಗೆ ಪಾಪ ಎನ್ನಲು ಯಾರಿಗೂ ಬಾಯಿ ಬಾರದು. ಆದರೆ ಪಾಪದಿಂದ ಪಾರಾಗಬೇಕಾದರೆ ಗವಾಯಿಯೇ ಆಗಬೇಕೆಂದರೆ ಅದೂ ಒಂದು ಅನ್ಯಾಯ. ಸಾಧಾರಣ ಶ್ರುತಿಯಲ್ಲಿ ಹಾಡುವ, ಸಾಧಾರಣ ಜಗಳ ಮಾಡುವ ಕುರುಡನೊಬ್ಬ ನಮ್ಮ ಧಾರಾವಾಹಿಗಳಲ್ಲಿ ಬಾಡಿಗೆ ಮನೆ ಹುಡುಕುತ್ತ ಓಡಾಡಿದ್ದನ್ನು ಕಂಡವರಿದ್ದಾರೆಯೇ?

1992ರಲ್ಲಿ ಲಂಡನ್ನಿನ ಟಿವಿ ಕಂಪನಿಯೊಂದು ಅಂಗವಿಕಲರ ಗೋಳು ತೋರಿಸಿ ದಿನವಿಡೀ ಚಂದಾ ಎತ್ತುವ ಕಾರ್ಯಕ್ರಮ ಇಟ್ಟುಕೊಂಡಿತ್ತು. ಆ ಚಂದಾ ಯಾರ ಹೆಸರಿನದೋ ಅವರೇ ಗಾಲಿಕುರ್ಚಿಗಳಲ್ಲಿ ಬಂದು ಸ್ಟುಡಿಯೊ ಹೊರಗೆ ಘೋಷಣೆ ಕೂಗಿದರು. ನಿಮ್ಮ ಕನಿಕರದ ಮೇಲೆ ಉಚ್ಚೆ ಹುಯ್ಯುತ್ತೇವೆ ಎಂಬರ್ಥದ ಮಾತು ಅವರ ಅಂಗಿಗಳ ಮೇಲೆ ಅಚ್ಚಾಗಿತ್ತು. ಆ ಕಾರ್ಯಕ್ರಮ ಮತ್ತೆ ನಡೆಯಲಿಲ್ಲ. ನಮ್ಮಲ್ಲಿ ಮಾತು ಕೋರ್ಟಿನವರೆಗೆ ಹೋಗಬೇಕಾಯಿತು: 2024ರ ಜುಲೈ 8ರಂದು ಸುಪ್ರೀಂ ಕೋರ್ಟು ಸಿನಿಮಾದವರಿಗೆ, ಅಂಗವೈಕಲ್ಯವನ್ನು ಹೀಗಳೆಯುವ ಹಾಸ್ಯ ಬೇರೆ, ಅದನ್ನು ಅರ್ಥ ಮಾಡಿಸುವ ಹಾಸ್ಯ ಬೇರೆ, ಅಂಗವಿಕಲರನ್ನು ಬರಿ ದೀನರನ್ನಾಗಿಯೂ ತೋರಿಸಬೇಡಿ, ಬರಿ ವೀರರನ್ನಾಗಿಯೂ ತೋರಿಸಬೇಡಿ ಎಂದು ಹೇಳಿತು. ಲಂಡನ್ನಿನವರ ಘೋಷಣೆ ಮಂಡ್ಯದವರಿಗೆ ಬೇಗ ಅರ್ಥವಾಗುತ್ತದೆ ಎಂದು ನನಗೆ ಯಾಕೋ ಅನ್ನಿಸುತ್ತದೆ.

ಪಾಪ ಎಂಬುದಕ್ಕೆ ಒಂದು ಷರತ್ತಿದೆ. ಅದು ಗ್ರಾಮಸಭೆಯಲ್ಲಿ ಹೊರಬೀಳುತ್ತದೆ. ಪಂಚಾಯಿತಿಯ ಸ್ವಂತ ವರಮಾನದಲ್ಲಿ ಶೇ 5ನ್ನು ಅಂಗವಿಕಲರಿಗೆಂದು ಎತ್ತಿಡಬೇಕೆಂಬ ನಿಯಮವಿದೆ. ಪಂಚಾಯಿತಿಗೊಬ್ಬ ಪುನರ್ವಸತಿ ಕಾರ್ಯಕರ್ತರೂ ಇರುತ್ತಾರೆ, ಬಹುಪಾಲು ಅಂಗವಿಕಲರೇ. ಸಭೆಯಲ್ಲಿ ಯಾರಾದರೂ ‘ಸ್ವಾಮಿ, ಏನಾರ ಸಹಾಯ ಮಾಡಿ’ ಎಂದರೆ ‘ಪಾಪ, ನೋಡ್ರಪ್ಪ’ ಎಂದು ಎಲ್ಲರ ಮುಖವೂ ಮೆತ್ತಗಾಗುತ್ತದೆ. ಅದೇ ಮನುಷ್ಯ ಕೋಲೂರಿ ಎದ್ದು ‘ಹೋದ್ ವರ್ಷದ ನಮ್ ಐದ್ ಪರ್ಸೆಂಟು ಎಲ್ಲಿ ಖರ್ಚಾಯ್ತು, ಲೆಕ್ಕ ಓದಿ’ ಎಂದು ಕೇಳಲಿ. ಮೆತ್ತಗಿದ್ದ ಮುಖಗಳು ಒಮ್ಮೆಲೇ ಬಿಗಿಯುತ್ತವೆ. ಹಿಂದಿನ ಸಾಲಿನಲ್ಲಿ ಪಿಸುಗುಡುತ್ತಾರೆ: ‘ಇವ್ನೇನ್ ಪಾಪ ಅಲ್ಲ ಕಣ್ಲಾ, ಬಲೇ ಜೋರು.’ ಹಾಗೆ ಅನ್ನಿಸಿಕೊಂಡವರೊಬ್ಬರನ್ನು ನಾನು ಬಲ್ಲೆ. ಅವತ್ತು ಮನೆಗೆ ಹೋಗಿ ಹೆಂಡತಿಗೆ ಅದನ್ನೇ ಎರಡು ಸಲ ಹೇಳಿದರಂತೆ.