ನೋರಾ ಬೇಕರ್ ಕಂಡ ಲಂಡನ್: 1940ರಿಂದ 1943

1940ರ ಜೂನ್ ತಿಂಗಳಲ್ಲಿ ಜರ್ಮನ್ ಸೇನೆ ಪ್ಯಾರಿಸ್ಸನ್ನು ವಶಪಡಿಸಿಕೊಂಡಾಗ ಫ್ರಾನ್ಸನ್ನು ತೊರೆದು ಇಂಗ್ಲೆಂಡಿನ ಫಾಲ್ಮತ್ ಬಂದರನ್ನು ತಲುಪಿದ ನಿರಾಶ್ರಿತರಲ್ಲಿ ಇಪ್ಪತ್ತಾರು ವರ್ಷದ ನೂರ್ ಇನಾಯತ್ ಖಾನ್, ಅವರ ತಾಯಿ ಮತ್ತು ಒಡಹುಟ್ಟಿದವರೂ ಇದ್ದರು. ನೂರ್ ಅವರ ಜೀವನಕಥೆಯನ್ನು ಹೇಳುವಾಗ ಅವರ ಗೂಢಚರ್ಯೆಗೂ ಮರಣಕ್ಕೂ ಸಿಗುವ ಮಹತ್ವ, ಅದಕ್ಕೆ ಮುಂಚಿನ ಮೂರು ಬ್ರಿಟಿಷ್ ವರ್ಷಗಳಿಗೆ ಅಪರೂಪಕ್ಕೆ ಸಿಗುತ್ತದೆ. ಆದರೆ ಬದುಕನ್ನು ಬುಡದಿಂದ ಮತ್ತೆ ಕಟ್ಟಿಕೊಂಡ ಆ ವರ್ಷಗಳನ್ನು ಬಿಟ್ಟರೆ ಮುಂದಿನ ಸಾಹಸ ಅರ್ಥವಾಗುವುದಿಲ್ಲ.

ಮಾಸ್ಕೋದಲ್ಲಿ 1914ರ ಜನವರಿ 1ರಂದು ಹುಟ್ಟಿದ ನೂರ್ ಅವರ ತಂದೆ ಬರೋಡಾದ ಸಂಗೀತಗಾರ ಹಾಗೂ ಸೂಫಿ ಗುರು ಹಜರತ್ ಇನಾಯತ್ ಖಾನ್, ತಾಯಿ ಅಮೆರಿಕದ ಓರಾ ರೇ ಬೇಕರ್. ತಂದೆಯ ತಾತ ಮೌಲಾಬಕ್ಷರು ದಕ್ಷಿಣದ ಸಂಗೀತವನ್ನೂ ಕಲಿತು ಮೈಸೂರಿನ ಆಸ್ಥಾನದಲ್ಲಿ ಮನ್ನಣೆ ಪಡೆದವರು. ಅವರ ಪತ್ನಿ ಟಿಪ್ಪು ಸುಲ್ತಾನನ ವಂಶದವರೆಂಬುದು ಕುಟುಂಬದ ಪರಂಪರೆಯ ಮಾತು. ಪ್ಯಾರಿಸ್ ಸಮೀಪದ ಸ್ಯುರೇನ್‌ನಲ್ಲಿ ಬೆಳೆದು, 1927ರಲ್ಲಿ ತಂದೆ ತೀರಿಕೊಂಡ ಮೇಲೆ ಮನೆಯ ಹೊಣೆ ಹೊತ್ತು, ಹಾರ್ಪ್ ಎಂಬ ತಂತಿವಾದ್ಯವನ್ನು ಅಭ್ಯಾಸ ಮಾಡಿದ್ದ ನೂರ್, ಜಾತಕ ಕಥೆಗಳನ್ನು ಮಕ್ಕಳಿಗಾಗಿ ಪುನರ್ನಿರೂಪಿಸಿದ ಪುಸ್ತಕವನ್ನು 1939ರಲ್ಲಿ ಪ್ರಕಟಿಸಿದ್ದರು. ಲೇಖಕಿಯಾಗಿ ಗಳಿಸತೊಡಗಿದ್ದ ಹೆಸರು ಯುದ್ಧದಿಂದಾಗಿ ಫ್ರಾನ್ಸಿನಲ್ಲೇ ಉಳಿಯಿತು.

ಅಹಿಂಸೆಯ ವಾತಾವರಣದಲ್ಲಿ ಬೆಳೆದವರು ನಾತ್ಸಿಗಳನ್ನು ಎದುರಿಸುವುದು ಹೇಗೆಂಬ ಪ್ರಶ್ನೆಯನ್ನು ತಮ್ಮ ವಿಲಾಯತ್ ಜೊತೆ ಚರ್ಚಿಸಿದ ನೂರ್, 1940ರ ನವೆಂಬರ್‌ನಲ್ಲಿ ವಾಯುಪಡೆಯ ಮಹಿಳಾ ಸಹಾಯಕ ದಳವನ್ನು ಸೇರಿದರು; ತಾಯಿಯ ಕುಲನಾಮ ಸೇರಿಸಿ ನೋರಾ ಬೇಕರ್ ಎಂಬ ಹೆಸರನ್ನೂ ಬಳಸಿದರು. ಅಲ್ಲಿ ಕಲಿತದ್ದು ನಿಸ್ತಂತು ಕೆಲಸ, ಅಂದರೆ ಅಕ್ಷರಗಳನ್ನು ಚಿಕ್ಕ ಮತ್ತು ದೀರ್ಘ ಸದ್ದುಗಳ ಮೋರ್ಸ್ ಸಂಕೇತವಾಗಿ ಬದಲಿಸಿ ಕೀಲಿಯೊತ್ತಿ ಕಳಿಸುವ ಕಸುಬು. ಪ್ರತಿಯೊಬ್ಬರೂ ಕೀಲಿಯೊತ್ತುವ ಲಯ ಕೈಬರಹದಂತೆ ಬೇರೆಬೇರೆಯಾಗಿರುವುದರಿಂದ ಕಳಿಸಿದವರು ಯಾರೆಂದು ಪಳಗಿದ ಕಿವಿ ಗುರುತಿಸಬಲ್ಲದು. ಚಳಿಗೆ ಬೆರಳು ಬಾತುಕೊಳ್ಳುತ್ತಿದ್ದುದರಿಂದ ನೂರ್ ಅವರ ಒತ್ತು ಬಹಳ ಬಿರುಸಾಗಿತ್ತು. ಅಧಿಕಾರಿ ಹುದ್ದೆಯ ಸಂದರ್ಶನದಲ್ಲಿ ಭಾರತದ ಸ್ವಾತಂತ್ರ್ಯದ ಪರವಾದ ನಿಲುವನ್ನು ಅವರು ಮುಚ್ಚಿಡಲಿಲ್ಲ. ಆಶ್ರಯ ಕೊಟ್ಟ ದೇಶದ ಸಮವಸ್ತ್ರ ತೊಟ್ಟೇ ಈ ಮಾತನ್ನಾಡಿದ್ದು ಅವರ ವ್ಯಕ್ತಿತ್ವಕ್ಕೆ ಅತ್ಯುತ್ತಮ ಸಾಕ್ಷಿ.

ಮಧ್ಯ ಲಂಡನ್ನಿನ ಬ್ಲೂಮ್ಸ್‌ಬರಿಯಲ್ಲಿ, ಟ್ಯಾವಿಟನ್ ಬೀದಿಯ 4ನೆಯ ಸಂಖ್ಯೆಯ ಮನೆ ಈ ಕುಟುಂಬದ ನೆಲೆಯಾಯಿತು. ಶತ್ರುವಶದ ದೇಶಗಳಲ್ಲಿ ರಹಸ್ಯ ಪ್ರತಿರೋಧವನ್ನು ಸಂಘಟಿಸುತ್ತಿದ್ದ ವಿಶೇಷ ಕಾರ್ಯಾಚರಣಾ ಸಂಸ್ಥೆಯು, ನಿರರ್ಗಳ ಫ್ರೆಂಚ್ ಮತ್ತು ನಿಸ್ತಂತು ತರಬೇತಿ ಎರಡೂ ಇದ್ದುದರಿಂದ ನೂರ್ ಅವರನ್ನು ಆಯ್ದುಕೊಂಡು, 1943ರ ಜೂನ್‌ನಲ್ಲಿ ಫ್ರಾನ್ಸಿಗೆ ಕಳಿಸಿತು; ಅಲ್ಲಿಗೆ ಹಾಗೆ ಹೋದ ಮೊದಲ ಮಹಿಳಾ ನಿಸ್ತಂತು ನಿರ್ವಾಹಕಿ ಅವರೇ. ಅಕ್ಟೋಬರ್‌ನಲ್ಲಿ ಸೆರೆಸಿಕ್ಕ ಮೇಲೆ, ಜರ್ಮನಿಯ ಫಾರ್ಟ್ಸ್‌ಹೈಮ್ ಸೆರೆಮನೆಯಲ್ಲಿ ಸಹಬಂದಿಗೆ ತಮ್ಮ ಗುರುತು ತಿಳಿಸಲು ಊಟದ ಪಾತ್ರೆಯ ತಳದಲ್ಲಿ ಅವರು ಕೆತ್ತಿದ್ದು ನೋರಾ ಬೇಕರ್ ಎಂಬ ಹೆಸರನ್ನು ಮತ್ತು ತಾಯಿಯ ಲಂಡನ್ ವಿಳಾಸವನ್ನು. 1944ರ ಸೆಪ್ಟೆಂಬರ್ 13ರಂದು ಡಾಹೌ ಶಿಬಿರದಲ್ಲಿ ಅವರನ್ನು ಕೊಲ್ಲಲಾಯಿತು. ಬ್ರಿಟನ್ 1949ರಲ್ಲಿ ಜಾರ್ಜ್ ಕ್ರಾಸ್ ಪದಕ ನೀಡಿತು. ಟ್ಯಾವಿಟನ್ ಬೀದಿಯ ಮನೆಗೆ ಸ್ಮಾರಕ ಫಲಕ ಬಂದದ್ದು 2020ರಲ್ಲಿ.