ಹಳೇ ಬೆಂಕಿ, ಹೊಸ ಬೆಂಕಿ

ಎಲೆಕ್ಟ್ರಿಕ್ ಗಾಡಿ ತಗೋತೀನಿ ಅಂದ ಕೂಡ್ಲೇ ಆಫೀಸಲ್ಲೂ ಊರಲ್ಲೂ ಬರೋ ಮೊದಲ ಪ್ರಶ್ನೆ ಒಂದೇ: "ಬೆಂಕಿ ಹತ್ತಲ್ವಾ?" ಪ್ರಶ್ನೆ ಸರಿಯಾದದ್ದೇ. ಆದರೆ ಪೆಟ್ರೋಲ್ ಗಾಡಿ ಕೊಳ್ಳುವವನಿಗೆ ಇದನ್ನ ಯಾರೂ ಕೇಳಲ್ಲ. ಗಂಗಾವತಿ ಕಡೆಯ ನಮ್ಮ ಮರಳಿಯಂಥ ಊರುಗಳಲ್ಲಿ ಕಿರಾಣಿ ಅಂಗಡಿ ಕಟ್ಟೆ ಮೇಲೆ ನೀರಿನ ಬಾಟಲಿಯಲ್ಲಿ ಪೆಟ್ರೋಲ್ ಇಟ್ಟು ಮಾರಿದರೂ ಯಾರೂ ಬೆಚ್ಚಿಬೀಳಲ್ಲ. ಮೈನಸ್ 40 ಡಿಗ್ರಿಯ ಚಳಿಯಲ್ಲೂ ಕಿಡಿ ತಾಗಿದರೆ ಹೊತ್ತಿಕೊಳ್ಳುವಷ್ಟು ಆವಿ ಬಿಡುವ ದ್ರವ ಅದು. ನಮ್ಮ ಬೇಸಿಗೆ ಪ್ಲಸ್ 40 ದಾಟುತ್ತೆ!

ಇಷ್ಟು ಸಲಿಗೆ ಬರೋಕೆ ಒಂದು ಶತಮಾನಕ್ಕಿಂತ ಹೆಚ್ಚು ಹಿಡಿದಿದೆ. 1888ರಲ್ಲಿ ಬರ್ಟಾ ಬೆಂಜ್ ಜರ್ಮನಿಯಲ್ಲಿ ಗಂಡನ ಕಾರು ತಗೊಂಡು ದೂರಪ್ರಯಾಣ ಹೊರಟಾಗ, ದಾರಿಯಲ್ಲಿ ಇಂಧನ ಕೊಂಡದ್ದು ಔಷಧಿ ಅಂಗಡಿಯಲ್ಲಿ. ಬಂಕ್ ಅನ್ನೋದೇ ಇರಲಿಲ್ಲ. ನಮ್ಮಲ್ಲಿ 1934ರ ಪೆಟ್ರೋಲಿಯಂ ಕಾಯ್ದೆ ಸಂಗ್ರಹ, ಸಾಗಾಟಕ್ಕೆಲ್ಲ ಕಟ್ಟಳೆ ಹಾಕಿತು. ಆದರೂ ಹಳೇ ಇಂಧನದ ಬೆಂಕಿ ನಿಂತಿಲ್ಲ. 2013ರ ಅಕ್ಟೋಬರ್ 30ರಂದು ಬೆಂಗಳೂರಿಂದ ಹೈದರಾಬಾದಿಗೆ ಹೊರಟಿದ್ದ ಬಸ್ಸು ಪಾಲೆಂ ಬಳಿ ಮೋರಿಗೆ ಬಡಿದು, ಡೀಸೆಲ್ ಟ್ಯಾಂಕ್ ಒಡೆದು, 45 ಜನ ಸುಟ್ಟುಹೋದರು. ಎರಡೇ ವಾರದಲ್ಲಿ ಹಾವೇರಿ ಹತ್ತಿರ ಇನ್ನೊಂದು ಬಸ್ಸಲ್ಲಿ 7 ಜನ. ನಾವು ವೇಗ, ಬಾಗಿಲು, ಡ್ರೈವರ್ ಬಗ್ಗೆ ಮಾತಾಡಿದೆವು. ಡೀಸೆಲ್ಲೇ ಬೇಡ ಅಂತ ಯಾರೂ ಅನ್ನಲಿಲ್ಲ.

ಲಿಥಿಯಂ ಬ್ಯಾಟರಿಯೂ ಹುಟ್ಟುತ್ತಲೇ ಸಾಧುವಾಗಿರಲಿಲ್ಲ. 1970ರ ದಶಕದಲ್ಲಿ ಅದರ ಮೇಲೆ ಕೆಲಸ ಶುರುವಾದದ್ದು, ತಮಾಷೆ ನೋಡಿ, ಎಕ್ಸಾನ್ ಎಂಬ ತೈಲ ಕಂಪನಿಯ ಲ್ಯಾಬಿನಲ್ಲಿ. ಸ್ಟ್ಯಾನ್ಲಿ ವಿಟಿಂಗ್‌ಹ್ಯಾಮ್ ಅವರ ತಂಡದ ಲ್ಯಾಬಿಗೆ ಅಗ್ನಿಶಾಮಕದವರು ಮತ್ತೆ ಮತ್ತೆ ಬರಬೇಕಾಯ್ತು. ಆಮೇಲೆ ಗುಡ್‌ಇನಫ್, ಯೋಶಿನೊ ಅವರ ಕೆಲಸದಿಂದ ಶುದ್ಧ ಲಿಥಿಯಂ ಲೋಹವನ್ನ ಬಿಟ್ಟು ನಡೆಯುವ ಬ್ಯಾಟರಿ ಬಂತು. 1991ರಲ್ಲಿ ಸೋನಿ ಅದನ್ನ ಮಾರುಕಟ್ಟೆಗೆ ತಂದಿತು. 2019ರಲ್ಲಿ ಮೂವರಿಗೂ ನೊಬೆಲ್ ಸಿಕ್ಕಿತು.

ಲೆಕ್ಕ ಏನು ಹೇಳುತ್ತೆ? ಸ್ವೀಡನ್ನಿನ ನಾಗರಿಕ ರಕ್ಷಣಾ ಸಂಸ್ಥೆಯ 2022ರ ಅಂಕಿಗಳಲ್ಲಿ ಸುಮಾರು 6.11 ಲಕ್ಷ ವಿದ್ಯುತ್ ಕಾರುಗಳಲ್ಲಿ ಬೆಂಕಿ ಬಿದ್ದದ್ದು 23ಕ್ಕೆ. 44 ಲಕ್ಷ ಪೆಟ್ರೋಲ್-ಡೀಸೆಲ್ ಕಾರುಗಳಲ್ಲಿ ಸುಮಾರು 3,400ಕ್ಕೆ. ಹತ್ತು ಸಾವಿರಕ್ಕೆ ಒಂದೂ ಇಲ್ಲ ಒಂದು ಕಡೆ, ಎಂಟರ ಹತ್ತಿರ ಇನ್ನೊಂದು ಕಡೆ. ಹೌದು, ವಿದ್ಯುತ್ ಕಾರುಗಳು ಹೆಚ್ಚಾಗಿ ಹೊಸವು. ನಮ್ಮ ಬಿಸಿಲಲ್ಲಿ ಓಡುವ ಅಗ್ಗದ ಸ್ಕೂಟರಿಗೆ ಸ್ವೀಡನ್ನಿನ ಲೆಕ್ಕ ನೇರ ಅನ್ವಯಿಸಲ್ಲ. 2022ರ ಬೇಸಿಗೆಯಲ್ಲಿ ಸ್ಕೂಟರುಗಳು ಉರಿದ ಮೇಲೆಯೇ ಕೇಂದ್ರ ಸರ್ಕಾರ ಬ್ಯಾಟರಿ ಪರೀಕ್ಷೆಯ ನಿಯಮ ಬಿಗಿ ಮಾಡಿದ್ದು.

ಬೆಂಕಿಯ ಗುಣವೂ ಬೇರೆ. ಪೆಟ್ರೋಲಿಗೆ ಹೊರಗಿನ ಗಾಳಿ ಬೇಕು. ನೊರೆ ಮುಚ್ಚಿದರೆ ಆರುತ್ತೆ. ಬ್ಯಾಟರಿಯಲ್ಲಿ ಒಂದು ಸೆಲ್ ಕಾದರೆ ಪಕ್ಕದ್ದನ್ನ ಕಾಯಿಸುತ್ತೆ, ಒಳಗಿಂದಲೇ ಆಮ್ಲಜನಕ ಬಿಡುತ್ತೆ, ವಿಷದ ಹೊಗೆ ಕಾರುತ್ತೆ. ಅದಕ್ಕೆ ಧಾರಾಳ ನೀರು ಸುರಿದು ತಣಿಸುತ್ತಲೇ ಇರಬೇಕು. ಆರಿತು ಅಂದುಕೊಂಡ ಮೇಲೂ ಮತ್ತೆ ಹತ್ತಬಹುದು.

2024ರ ಸೆಪ್ಟೆಂಬರಿನಲ್ಲಿ ಕಲಬುರಗಿಯಲ್ಲಿ ಎಲೆಕ್ಟ್ರಿಕ್ ಸ್ಕೂಟರ್ ಶೋರೂಮಿಗೆ ಸಿಟ್ಟಾದ ಗಿರಾಕಿಯೊಬ್ಬ ಬೆಂಕಿ ಹಚ್ಚಿದ. ಹಚ್ಚೋಕೆ ಬಳಸಿದ್ದು ಪೆಟ್ರೋಲ್. ನವೆಂಬರಿನಲ್ಲಿ ಬೆಂಗಳೂರಿನ ರಾಜಾಜಿನಗರದ ಇನ್ನೊಂದು ಎಲೆಕ್ಟ್ರಿಕ್ ಶೋರೂಮಿನ ಬೆಂಕಿಯಲ್ಲಿ ಅಲ್ಲೇ ಕೆಲಸಕ್ಕಿದ್ದ 20 ವರ್ಷದ ಹುಡುಗಿ ಸತ್ತಳು. ಅಂಥ ಕಡೆ ಜೀವ ಉಳಿಸೋದು ಯಾವ ಇಂಧನ ಅನ್ನೋ ಚರ್ಚೆಯಲ್ಲ, ಹೊರಗೆ ಹೋಗುವ ಇನ್ನೊಂದು ದಾರಿ.

ಹಾಗಾಗಿ ಮನೆಯ ಒಂದೇ ಬಾಗಿಲ ಅಡ್ಡ ಸ್ಕೂಟರ್ ನಿಲ್ಲಿಸಿ ರಾತ್ರಿಯಿಡೀ ಚಾರ್ಜಿಗೆ ಹಾಕಬೇಡಿ. ಕಟ್ಟೆ ಮೇಲಿನ ಆ ಬಾಟಲಿಯನ್ನೂ ಒಮ್ಮೆ ಹೊಸ ಕಣ್ಣಿಂದ ನೋಡಿ.