ಖುಷ್ಕಿ ಹೊಲ ನೀರಾವರಿ ಆದದ್ದು ಯಾವಾಗ?

ನಿಮ್ಮಲ್ಲಿ ಕೋಡಿಂಗ್ ಕಲಿಯೋರು ಭಾಳ ಮಂದಿ ಅದೀರಿ, ಅದಕ್ಕ ಇವತ್ತು ಒಂದು ಹೊಲದ ಕಥಿ.

ಜಾವಾದಾಗ ಆಬ್ಜೆಕ್ಟ್ ಒಮ್ಮೆ ಹುಟ್ಟಿದ ಮ್ಯಾಲೆ ಅದರ ಕ್ಲಾಸ್ ಬದಲಾಗಂಗಿಲ್ಲ. ನವಲಗುಂದದ ಎರಿ ಹೊಲ ಹಂಗಲ್ಲ. ನವಿಲುತೀರ್ಥದಲ್ಲಿ ಮಲಪ್ರಭೆಗೆ ಅಣೆಕಟ್ಟು ಕಟ್ಟಿ ಕಾಲುವೆ ತೋಡಿದ ಮೇಲೆ, ಜೋಳ, ಹತ್ತಿ ಬೆಳೀತಿದ್ದ ಅದೇ ಖುಷ್ಕಿ ಹೊಲ ಸರ್ಕಾರದ ಲೆಕ್ಕದಲ್ಲಿ ನೀರಾವರಿ ಆಯಿತು. ಕ್ಲಾಸ್ ಬದಲಾದ್ರ ಅದರ ನಿಯಮಾನೂ ಬರ್ತಾವಲ್ಲ? ನೀರಿನ ಕರ ಬಂತು, ಬೆಟರ್‌ಮೆಂಟ್ ಲೆವಿ ಬಂತು, ಅಂದ್ರೆ ಜಮೀನಿನ ಬೆಲೆ ಏರಿತು ಅಂತ ಹಾಕೋ ಅಭಿವೃದ್ಧಿ ಕರ. ಹೊಲಕ್ಕ ನೀರೇ ಮುಟ್ಟಿಲ್ಲ, ಕರ ಯಾಕ ಅನ್ನೋದು ರೈತರ ತಕರಾರು.

1980ರ ಜುಲೈ 21. ನವಲಗುಂದ, ನರಗುಂದದಲ್ಲಿ ರೈತರು ಬೀದಿಗಿಳಿದರು, ಪೊಲೀಸರು ಗುಂಡು ಹಾರಿಸಿದರು. ಅಳಗವಾಡಿಯ ಬಸಪ್ಪ ಲಕ್ಕುಂಡಿ, ಚಿಕ್ಕನರಗುಂದದ ವೀರಪ್ಪ ಕಡ್ಲಿಕೊಪ್ಪ ಪ್ರಾಣ ಬಿಟ್ಟರು. ಆಗ ಮುಖ್ಯಮಂತ್ರಿ ಗುಂಡೂರಾವ್. ಸಿಟ್ಟು ರಾಜ್ಯಕ್ಕೆಲ್ಲ ಹಬ್ಬಿತು, ರೈತ ಸಂಘ ಹುಟ್ಟಿತು.

ಈಗ ಡಿಸೈನ್‌ಗೆ ಬರೋಣ. ಖುಷ್ಕಿ, ನೀರಾವರಿ ಅಂತ ಎರಡು ಕ್ಲಾಸ್ ಬರೆದರೆ ಹಳೇ ಆಬ್ಜೆಕ್ಟ್ ಒಗೆದು ಹೊಸದು ಮಾಡಬೇಕು; ಅದರ ಇತಿಹಾಸಾನೂ ಹೋಗ್ತದ. ಹೊಲ ಅನ್ನೋ ಕ್ಲಾಸ್ ಒಂದೇ ಇರಲಿ, ಸರ್ವೆ ನಂಬರ್ ಅದಕ್ಕೇ ಅಂಟಿಕೊಂಡಿರಲಿ. ನೀರಾವರಿ ಅನ್ನೋದು ಅದಕ್ಕೆ ಕೊಡೋ ಪಾತ್ರ, ತಾರೀಖು ಹಚ್ಚಿ ಕೊಡೋದು. ಯಾವ ತಾರೀಖು? ಕಾಲುವೆ ಮುಗಿದ ದಿನ ಅಲ್ಲ, ಹೊಲಕ್ಕೆ ನೀರು ಬಂದ ದಿನ. ಆ ಕಾಲಂ ಖಾಲಿ ಇದ್ರ ಕರದ ಫಂಕ್ಷನ್ ಓಡಲೇಬಾರದು ಅಂತ ನಾನಾದ್ರ ಬರೀತೀನಿ.